ಲೆಕ್ಕ ಯಾರ ಹೆಸರಿಗೆ?

ಬರೆದಿಟ್ಟ ಪ್ರೋಗ್ರಾಂ ಡಿಸ್ಕಿನ ಮೇಲೆ ಸುಮ್ಮನೆ ಇರುವಷ್ಟು ಕಾಲ ಯಾರಿಗೂ ಭಾರವಾಗುವುದಿಲ್ಲ. ಅದು ಓಡತೊಡಗಿದ ಕ್ಷಣದಿಂದ ಪ್ರೊಸೆಸರಿನ ಸಮಯ, ಮೆಮೊರಿಯಲ್ಲಿ ಜಾಗ, ತೆರೆದ ಫೈಲುಗಳು, ಡಿಸ್ಕಿನ ಓದು-ಬರಹ ಇವೆಲ್ಲವನ್ನೂ ಬೇಡತೊಡಗುತ್ತದೆ, ಹಾಗೆ ಓಡುತ್ತಿರುವ ಪ್ರೋಗ್ರಾಮಿಗೆ ಪ್ರೋಸೆಸ್ ಎಂದು ಹೆಸರು. ಈ ಬೇಡಿಕೆಗಳನ್ನು ಪೂರೈಸುವ ಇಲ್ಲವೇ ನಿರಾಕರಿಸುವ ಅಧಿಕಾರ ಇರುವುದು ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಾಗಿದ್ದು ಯಂತ್ರದ ಭಾಗಗಳನ್ನು ನೇರವಾಗಿ ಆಳುವ ತಂತ್ರಾಂಶಕ್ಕೆ. ಒಂದು ಪ್ರೋಸೆಸ್ ಎಷ್ಟನ್ನು ಬಳಸಬಹುದೆಂದು ಮುಂಚಿತವಾಗಿ ನಿಗದಿಪಡಿಸುವ ಉಪಾಯಗಳು ಯುನಿಕ್ಸ್ ಪರಂಪರೆಯಲ್ಲಿ ನಾಲ್ಕು ದಶಕಗಳಿಂದ ಬೆಳೆದುಬಂದಿವೆ. ಕೆಳಗಿನ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಪ್ರೋಗ್ರಾಂ ಬರೆಯುವ ಕಿರಿಯನೊಬ್ಬ, ಅಂಥ ಪ್ರೋಗ್ರಾಮುಗಳು ಓಡುವ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವ ಹಿರಿಯ ನಿರ್ವಾಹಕಿಯೊಬ್ಬರು. ಮಿತಿಯೆಂಬುದು ಒಬ್ಬನಿಗೆ ಅಡ್ಡಿಯಾಗಿಯೂ ಇನ್ನೊಬ್ಬರಿಗೆ ಆಸರೆಯಾಗಿಯೂ ಕಾಣುವುದರಿಂದ ಅವರ ಮಾತು ಒಪ್ಪಿಗೆಯಿಂದ ಆರಂಭವಾಗುವುದಿಲ್ಲ.

ಪ್ರೋಗ್ರಾಮರ್: ಮೇಡಂ, ಸರ್ವರಿನಲ್ಲಿ 64 ಗಿಗಾಬೈಟ್ ಮೆಮೊರಿ ಇದ್ದು ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿಯೇ ಉಳಿದಿರುವಾಗ, ಒಂದು ಪ್ರೋಗ್ರಾಮಿಗೆ 2 ಗಿಗಾಬೈಟಿಗಿಂತ ಹೆಚ್ಚು ಕೊಡುವುದಿಲ್ಲವೆಂದು ಮೊದಲೇ ಗೆರೆ ಎಳೆದಿಡುವುದರಲ್ಲಿ ಏನು ಅರ್ಥವಿದೆ? ಇರುವವರೆಗೆ ಕೊಡುವುದು, ಮುಗಿದಾಗ ಇಲ್ಲವೆನ್ನುವುದು ಸಾಲದೇ?

ನಿರ್ವಾಹಕಿ: ಮುಗಿದಾಗ ಇಲ್ಲವೆನ್ನುವ ಸ್ಥಿತಿಯಲ್ಲಿ ಲಿನಕ್ಸ್ ಕರ್ನಲ್ ಇರುವುದಿಲ್ಲ, ತೊಂದರೆ ಹುಟ್ಟುವುದೇ ಅಲ್ಲಿ. ಪ್ರೋಸೆಸ್ ಮೆಮೊರಿ ಕೇಳಿದಾಗ ಕರ್ನಲ್ ಆ ಕ್ಷಣಕ್ಕೆ ಕೊಡುವುದು ಬರಿಯ ವಿಳಾಸಗಳನ್ನು. ಆ ವಿಳಾಸಗಳ ಹಿಂದೆ ನಿಜವಾದ ಜಾಗವನ್ನು ಒದಗಿಸುವುದು ಪ್ರೋಸೆಸ್ ಅಲ್ಲಿ ಮೊದಲ ಬಾರಿಗೆ ಏನನ್ನಾದರೂ ಬರೆದಾಗ, ಅದೂ ಸಾಮಾನ್ಯವಾಗಿ 4 ಕಿಲೋಬೈಟ್ ಅಳತೆಯ ಒಂದೊಂದು ಪುಟವಾಗಿ. ಕೇಳಿದವರೆಲ್ಲ ಕೇಳಿದಷ್ಟನ್ನೂ ಬಳಸುವುದಿಲ್ಲವೆಂಬ ನಂಬಿಕೆಯ ಮೇಲೆ, ಇರುವುದಕ್ಕಿಂತ ಹೆಚ್ಚು ಮೆಮೊರಿಗೆ ಮಾತು ಕೊಡುವ ಈ ಪದ್ಧತಿಯನ್ನು ಓವರ್‌ಕಮಿಟ್ ಎನ್ನುತ್ತಾರೆ. ನಂಬಿಕೆ ಸುಳ್ಳಾಗಿ ಎಲ್ಲ ಪ್ರೋಸೆಸ್‌ಗಳೂ ಒಮ್ಮೆಗೇ ಬರೆಯತೊಡಗಿದರೆ, ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಲಾಗದ ಕರ್ನಲ್ ಯಾವುದಾದರೂ ಒಂದು ಪ್ರೋಸೆಸನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಈ ಕೆಲಸ ಮಾಡುವ ಭಾಗಕ್ಕೆ ಓಓಎಂ ಕಿಲ್ಲರ್ ಎಂದು ಹೆಸರು. ಅದು ಬಲಿಯನ್ನು ಆರಿಸುವುದು ಮುಖ್ಯವಾಗಿ ಯಾರು ಹೆಚ್ಚು ಮೆಮೊರಿ ಹಿಡಿದಿದ್ದಾರೆ ಎಂಬ ಅಂಕದ ಮೇಲೆ. ಹೀಗಾಗಿ ಸಣ್ಣದೊಂದು ಪ್ರೋಗ್ರಾಂ ಮೆಮೊರಿಯನ್ನು ಸೋರಿಸುತ್ತ ಹೋಗಿ ಕೊನೆಗೆ ಯಂತ್ರದ ಉಸಿರು ಕಟ್ಟಿಸಿದರೂ, ಸಾಯುವುದು ಪಕ್ಕದಲ್ಲಿ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿದ್ದ ದೊಡ್ಡ ಡೇಟಾಬೇಸ್ ಆಗಿರಬಹುದು.

ಪ್ರೋಗ್ರಾಮರ್: ಅಂದರೆ ತಪ್ಪು ಮಾಡಿದವರು ಒಬ್ಬರು, ದಂಡ ತೆರುವವರು ಇನ್ನೊಬ್ಬರು.

ನಿರ್ವಾಹಕಿ: ಮಿತಿ ಹಾಕುವುದರ ಮೊದಲ ಉದ್ದೇಶ ಅದನ್ನು ತಪ್ಪಿಸುವುದು. ಉಳಿತಾಯ ಆಮೇಲಿನ ಮಾತು.

ಪ್ರೋಗ್ರಾಮರ್: ಹಾಗಿದ್ದರೆ, ಆದೇಶಗಳನ್ನು ಟೈಪಿಸಿ ಪ್ರೋಗ್ರಾಮುಗಳನ್ನು ಓಡಿಸುವ ಶೆಲ್‌ನಲ್ಲಿ ‘ಯುಲಿಮಿಟ್’ ಎಂಬ ಆದೇಶ ಇದ್ದೇ ಇದೆ. ಅದರಲ್ಲಿ ಬೇಕಾದ ಸಂಖ್ಯೆಗಳನ್ನು ಬರೆದುಬಿಟ್ಟರೆ ಮುಗಿಯಿತಲ್ಲವೇ?

ನಿರ್ವಾಹಕಿ: ಆ ಆದೇಶದ ಹಿಂದೆ ಇರುವುದು 1983ರಲ್ಲಿ, ಬರ್ಕ್‌ಲಿಯ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಕಾಣಿಸಿಕೊಂಡ ‘ಸೆಟ್‌ಆರ್‌ಲಿಮಿಟ್’ ಎಂಬ ಸಿಸ್ಟಂ ಕಾಲ್, ಅಂದರೆ ಪ್ರೋಗ್ರಾಂ ಕರ್ನಲ್‌ಗೆ ನೇರವಾಗಿ ಮಾಡುವ ವಿನಂತಿ. ಒಂದೊಂದು ಸಂಪನ್ಮೂಲಕ್ಕೂ ಅದು ಎರಡು ಗೆರೆಗಳನ್ನು ಇಡುತ್ತದೆ: ಸಾಫ್ಟ್ ಲಿಮಿಟ್ ಎಂಬುದು ಸದ್ಯ ಜಾರಿಯಲ್ಲಿರುವ ಮಿತಿ, ಹಾರ್ಡ್ ಲಿಮಿಟ್ ಎಂಬುದು ಆ ಮಿತಿಯನ್ನು ಪ್ರೋಸೆಸ್ ತಾನಾಗಿಯೇ ಎಲ್ಲಿಯವರೆಗೆ ಏರಿಸಿಕೊಳ್ಳಬಹುದೆಂಬುದರ ಮೇಲ್ಮಿತಿ. ಸಾಮಾನ್ಯ ಪ್ರೋಸೆಸ್ ತನ್ನ ಹಾರ್ಡ್ ಲಿಮಿಟನ್ನು ಇಳಿಸಿಕೊಳ್ಳಬಹುದು, ಆದರೆ ಒಮ್ಮೆ ಇಳಿಸಿದ ಮೇಲೆ ಮತ್ತೆ ಏರಿಸಲು ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲಿನ ಪೂರ್ಣಾಧಿಕಾರ, ಬೇಕು. ಪ್ರೋಸೆಸ್ ತನ್ನದೇ ಒಂದು ಪ್ರತಿಯನ್ನು ಹುಟ್ಟಿಸುವ ಕ್ರಿಯೆಗೆ ಫೋರ್ಕ್ ಎನ್ನುತ್ತಾರೆ. ಹೀಗೆ ಹುಟ್ಟಿದ ಮಗುವಿಗೆ ತಾಯಿಯ ಮಿತಿಗಳೇ ಬರುತ್ತವೆ. ಶೆಲ್‌ನಲ್ಲಿ ಒಮ್ಮೆ ಹಾಕಿದ ಮಿತಿ ಅಲ್ಲಿಂದ ಹೊರಡುವ ಎಲ್ಲ ಪ್ರೋಗ್ರಾಮುಗಳಿಗೂ ಅನ್ವಯಿಸುವುದು ಈ ಕಾರಣದಿಂದ.

ಪ್ರೋಗ್ರಾಮರ್: ಮಿತಿ ಮುಟ್ಟಿದಾಗ ಏನಾಗುತ್ತದೆ? ಕೊಲ್ಲುತ್ತದೆಯೇ?

ನಿರ್ವಾಹಕಿ: ಯಾವ ಮಿತಿ ಎಂಬುದರ ಮೇಲೆ ಉತ್ತರ ನಿಂತಿದೆ. ಪ್ರೊಸೆಸರಿನ ಸಮಯಕ್ಕೆ ಹಾಕಿದ ಸಾಫ್ಟ್ ಲಿಮಿಟ್ ತೀರಿದಾಗ ಕರ್ನಲ್ ‘ಸಿಗ್‌ಎಕ್ಸ್‌ಸಿಪಿಯು’ ಎಂಬ ಸಿಗ್ನಲನ್ನು, ಅಂದರೆ ಎಚ್ಚರಿಕೆಯ ಸಂಕೇತವನ್ನು, ಕಳುಹಿಸುತ್ತದೆ. ಪ್ರೋಸೆಸ್ ಅದನ್ನು ಹಿಡಿದು ಅರ್ಧವಾದ ಕೆಲಸವನ್ನು ಉಳಿಸಿಕೊಂಡು ಮರ್ಯಾದೆಯಿಂದ ಹೊರಡಬಹುದು, ಹೊರಡದೆ ಮುಂದುವರಿದರೆ ಬಳಸಿದ ಪ್ರತಿ ಸೆಕೆಂಡಿಗೊಮ್ಮೆ ಎಚ್ಚರಿಕೆ ಮರುಕಳಿಸುತ್ತದೆ, ಹಾರ್ಡ್ ಲಿಮಿಟ್ ಮುಟ್ಟಿದಾಗ ಯಾರೂ ತಡೆಯಲಾಗದ ‘ಸಿಗ್‌ಕಿಲ್’ ಬರುತ್ತದೆ. ಫೈಲಿನ ಗಾತ್ರಕ್ಕೆ ಹಾಕಿದ ಮಿತಿಯಲ್ಲಿಯೂ ಸಿಗ್ನಲ್ ಉಂಟು. ಉಳಿದ ಹೆಚ್ಚಿನ ಮಿತಿಗಳಲ್ಲಿ ಕರ್ನಲ್ ಮಾಡುವುದು ನಿರಾಕರಣೆ ಮಾತ್ರ: ತೆರೆದ ಫೈಲುಗಳ ಮಿತಿ ಮುಟ್ಟಿದರೆ ಹೊಸ ಫೈಲು ತೆರೆಯುವುದಿಲ್ಲ, ವಿಳಾಸಗಳ ಮಿತಿ ಮುಟ್ಟಿದರೆ ಹೊಸ ಮೆಮೊರಿ ಸಿಗುವುದಿಲ್ಲ, ಪ್ರೋಸೆಸ್‌ಗಳ ಸಂಖ್ಯೆಯ ಮಿತಿ ಮುಟ್ಟಿದರೆ ಫೋರ್ಕ್ ಸೋಲುತ್ತದೆ. ಪ್ರೋಸೆಸ್ ಬದುಕಿಯೇ ಇರುತ್ತದೆ, ಅದರ ಕೈಗೆ ಒಂದು ದೋಷಸಂಖ್ಯೆ ಬಂದಿರುತ್ತದೆ. ಆ ಸಂಖ್ಯೆಯನ್ನು ಓದಿ ಏನು ಮಾಡಬೇಕೆಂಬುದು ಪ್ರೋಗ್ರಾಂ ಬರೆದವರಿಗೆ ಬಿಟ್ಟದ್ದು, ಬರೆದವರಲ್ಲಿ ಹಲವರು ಅದನ್ನು ಓದುವುದೇ ಇಲ್ಲ.

ಪ್ರೋಗ್ರಾಮರ್: ಆ ಆರೋಪಕ್ಕೆ ಉತ್ತರ ಕೊಡುವ ಮೊದಲು ಪ್ರತಿಯಾರೋಪವೊಂದು ಇದೆ. ಮೆಮೊರಿಗೆಂದು ‘ಯುಲಿಮಿಟ್’ ಹಾಕುವ ಮಿತಿ ನಿಜವಾಗಿ ಮೆಮೊರಿಯನ್ನು ಅಳೆಯುವುದೇ ಇಲ್ಲ. ತಾವು ಈಗ ಹೇಳಿದಂತೆ ವಿಳಾಸ ಬೇರೆ, ಜಾಗ ಬೇರೆ ಆಗಿದ್ದರೆ, ವಿಳಾಸಗಳನ್ನು ಎಣಿಸಿ ಮೆಮೊರಿಯ ಬಳಕೆಯನ್ನು ತೀರ್ಮಾನಿಸುವುದು ಹೇಗೆ?

ಈ ಆಕ್ಷೇಪ ಹಗುರವಾದುದಲ್ಲ. ಮೆಮೊರಿಯ ತಪ್ಪುಗಳನ್ನು ಪತ್ತೆಹಚ್ಚಲು ಪ್ರೋಗ್ರಾಮರುಗಳು ಬಳಸುವ ಅಡ್ರೆಸ್ ಸ್ಯಾನಿಟೈಸರ್ ಎಂಬ ಸಾಧನ 64 ಬಿಟ್ ಯಂತ್ರಗಳಲ್ಲಿ 16 ಟೆರಾಬೈಟಿಗೂ ಹೆಚ್ಚಿನ ವಿಳಾಸಗಳನ್ನು ಆರಂಭದಲ್ಲಿಯೇ ಗುರುತು ಹಾಕಿಕೊಳ್ಳುತ್ತದೆ, ಆದರೆ ನಿಜವಾಗಿ ತುಂಬುವುದು ಅದರ ಅಲ್ಪಭಾಗವನ್ನು. ವಿಳಾಸಗಳ ಮೇಲೆ ಮಿತಿ ಇಟ್ಟ ಶೆಲ್‌ನಲ್ಲಿ ಅಂಥ ಪ್ರೋಗ್ರಾಂ ಹೊಸಿಲು ದಾಟುವ ಮೊದಲೇ ಮುಗ್ಗರಿಸುತ್ತದೆ. ವಾಸ್ತವವಾಗಿ ತುಂಬಿದ ಜಾಗಕ್ಕೇ ಮಿತಿ ಹಾಕುವ ಇನ್ನೊಂದು ಆಯ್ಕೆ ‘ಯುಲಿಮಿಟ್’ ಪಟ್ಟಿಯಲ್ಲಿ ಇಂದಿಗೂ ಕಾಣುತ್ತದೆಯಾದರೂ, 2.4 ಸರಣಿಯ ಕೆಲವು ಆವೃತ್ತಿಗಳನ್ನು ಬಿಟ್ಟರೆ ಲಿನಕ್ಸ್ ಕರ್ನಲ್ ಅದಕ್ಕೆ ಯಾವ ಬೆಲೆಯನ್ನೂ ಕೊಡುವುದಿಲ್ಲ: ಸಂಖ್ಯೆಯನ್ನು ಸ್ವೀಕರಿಸುತ್ತದೆ, ಕೇಳಿದರೆ ಮರಳಿ ಹೇಳುತ್ತದೆ, ಜಾರಿ ಮಾಡುವುದಿಲ್ಲ. ಮಿತಿಯೇ ಇಲ್ಲದಿರುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ಹಾಕಿದವರು ಹಾಕಿದೆವೆಂದು ನಂಬಿ ನಿಶ್ಚಿಂತರಾಗಿರುತ್ತಾರೆ.

ನಿರ್ವಾಹಕಿ: ಆಕ್ಷೇಪ ಸರಿಯಾಗಿದೆ, ಅದಕ್ಕಿಂತ ದೊಡ್ಡದೂ ಒಂದಿದೆ. ಈ ಮಿತಿಗಳಲ್ಲಿ ಹೆಚ್ಚಿನವು ಒಂದೊಂದು ಪ್ರೋಸೆಸನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತವೆ. ಫೋರ್ಕ್‌ನಿಂದ ಹುಟ್ಟಿದ ಮಗುವಿಗೆ ಮಿತಿ ತಾಯಿಯಿಂದ ಬರುತ್ತದೆ, ಆದರೆ ತಾಯಿ ಖರ್ಚು ಮಾಡಿದ ಲೆಕ್ಕ ಬರುವುದಿಲ್ಲ. ಮಗುವಿನ ಪ್ರೊಸೆಸರ್ ಸಮಯ ಸೊನ್ನೆಯಿಂದ ಆರಂಭವಾಗುತ್ತದೆ. ಕುಟುಂಬಕ್ಕೆ ಒಂದು ಪಡಿತರ ಚೀಟಿ ಕೊಡುವ ಬದಲು, ಹುಟ್ಟಿದ ಪ್ರತಿ ಕೂಸಿಗೂ ಇಡೀ ಕುಟುಂಬದ ಪಾಲನ್ನು ಹೊಸದಾಗಿ ಬರೆದುಕೊಟ್ಟರೆ ಉಗ್ರಾಣ ಎಷ್ಟು ದಿನ ಉಳಿದೀತು?

ಪ್ರೋಗ್ರಾಮರ್: ಇದು ಪುಸ್ತಕದ ಆತಂಕವೇ, ಅಥವಾ ನಡೆದಿರುವುದುಂಟೇ?

ನಿರ್ವಾಹಕಿ: 1988ರ ನವೆಂಬರ್ 2ರಂದು ಇಂಟರ್‌ನೆಟ್‌ಗೆ ಬಿಟ್ಟ ಮಾರಿಸ್ ವರ್ಮ್‌ನಲ್ಲಿ ಅದರ ಒಂದು ರೂಪವಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ರಾಬರ್ಟ್ ಟಪನ್ ಮಾರಿಸ್ ಬರೆದ ಆ ಪ್ರೋಗ್ರಾಂ ಬಿಎಸ್‌ಡಿ ಯುನಿಕ್ಸ್ ಓಡಿಸುತ್ತಿದ್ದ ವ್ಯಾಕ್ಸ್ ಮತ್ತು ಸನ್ ಯಂತ್ರಗಳಿಗೆ ತಾನೇ ಹರಡಿಕೊಳ್ಳುತ್ತಿತ್ತು. ಸುಮಾರು 6,000 ಯಂತ್ರಗಳಿಗೆ ಸೋಂಕು ತಗುಲಿತೆಂಬುದು ಅಂದಿನ ಅಂದಾಜು. ಅದು ಫೈಲುಗಳನ್ನು ಅಳಿಸಲಿಲ್ಲ, ಡಿಸ್ಕನ್ನು ಕೆಡಿಸಲಿಲ್ಲ. ಯಂತ್ರಗಳು ಬಿದ್ದದ್ದು ಒಂದೇ ಯಂತ್ರದಲ್ಲಿ ಅದರ ಪ್ರತಿಗಳು ಒಂದರ ಮೇಲೊಂದು ಸೇರಿಕೊಂಡು ಪ್ರೊಸೆಸರನ್ನೂ ಪ್ರೋಸೆಸ್ ಪಟ್ಟಿಯನ್ನೂ ತುಂಬಿಬಿಟ್ಟದ್ದರಿಂದ. ಇನ್ನೊಂದು ಪ್ರತಿ ಮೊದಲೇ ಇದೆಯೇ ಎಂದು ಅದು ಪರೀಕ್ಷಿಸುತ್ತಿತ್ತಾದರೂ, ಏಳರಲ್ಲಿ ಒಂದು ಸಲ ಆ ಪರೀಕ್ಷೆಯನ್ನು ಲೆಕ್ಕಿಸದೆ ಉಳಿದುಬಿಡುವಂತೆ ಬರೆಯಲಾಗಿತ್ತು. ಈ ಚರ್ಚೆಗೆ ಮುಖ್ಯವಾದದ್ದು ಬೇರೆಯೇ: ಅದು ಆಗಾಗ ಫೋರ್ಕ್ ಮಾಡಿ, ಮಗುವನ್ನು ಮುಂದುವರಿಯಲು ಬಿಟ್ಟು ತಾಯಿಯನ್ನು ಮುಗಿಸಿಬಿಡುತ್ತಿತ್ತು. ಹೀಗಾಗಿ ಪಟ್ಟಿಯಲ್ಲಿ ಅದರ ಸಂಖ್ಯೆ ಬದಲಾಗುತ್ತ ಹೋಗುತ್ತಿತ್ತು, ಯಾವ ಒಂದು ಪ್ರೋಸೆಸ್‌ನ ಹೆಸರಿನಲ್ಲಿಯೂ ಗಮನ ಸೆಳೆಯುವಷ್ಟು ಪ್ರೊಸೆಸರ್ ಸಮಯ ಜಮೆಯಾಗುತ್ತಿರಲಿಲ್ಲ, ಬಹಳ ಹೊತ್ತು ಓಡಿದ ಪ್ರೋಸೆಸ್‌ಗಳನ್ನು ಹಿಂದಕ್ಕೆ ತಳ್ಳುವ ಶೆಡ್ಯೂಲರ್, ಅಂದರೆ ಪ್ರೊಸೆಸರನ್ನು ಸರದಿಯಂತೆ ಹಂಚುವ ಭಾಗ, ಮಗುವನ್ನು ಹೊಸಬನೆಂದೇ ಬಗೆಯುತ್ತಿತ್ತು.

ಪ್ರೋಗ್ರಾಮರ್: ‘ಸೆಟ್‌ಆರ್‌ಲಿಮಿಟ್’ ಆ ವೇಳೆಗಾಗಲೇ ಬಂದು ಐದು ವರ್ಷವಾಗಿತ್ತಲ್ಲವೇ?

ನಿರ್ವಾಹಕಿ: ಬಂದಿತ್ತು, ವರ್ಮ್ ಅದನ್ನು ಬಳಸಿಕೊಂಡೂ ಇತ್ತು. ಪ್ರೋಗ್ರಾಂ ಕುಸಿದಾಗ ಅದರ ಮೆಮೊರಿಯ ಚಿತ್ರವನ್ನು ಕರ್ನಲ್ ‘ಕೋರ್’ ಎಂಬ ಫೈಲಿನಲ್ಲಿ ಬರೆದಿಡುತ್ತದೆ. ಅಂಥ ಸಾಕ್ಷ್ಯ ಉಳಿಯದಿರಲೆಂದು ತನ್ನ ಮಿತಿಗಳನ್ನು ಮೊದಲೇ ತಿದ್ದಿಕೊಂಡು ಕೋರ್ ಫೈಲು ಹುಟ್ಟದಂತೆ ಅದು ನೋಡಿಕೊಂಡಿತ್ತು. ಕಾವಲಿಗೆಂದು ಇಟ್ಟ ಬೀಗವನ್ನು ಒಳಗಿನಿಂದ ಹಾಕಿಕೊಂಡದ್ದು ಕಳ್ಳನೇ.

ಪ್ರೋಗ್ರಾಮರ್: ಪ್ರೋಸೆಸ್‌ಗಳ ಸಂಖ್ಯೆಗೆ ಹಾಕುವ ಮಿತಿ ಮಾತ್ರ ಒಂದೊಂದು ಪ್ರೋಸೆಸ್‌ಗಲ್ಲದೆ ಇಡೀ ಬಳಕೆದಾರನ ಲೆಕ್ಕಕ್ಕೆ ಸೇರುತ್ತದೆ ಎಂದು ಕೇಳಿದ್ದುಂಟು. ತನ್ನನ್ನು ತಾನೇ ಕೊನೆಯಿಲ್ಲದೆ ಹುಟ್ಟಿಸಿಕೊಳ್ಳುವ ಫೋರ್ಕ್ ಬಾಂಬನ್ನು ಅದು ತಡೆಯುವುದಿಲ್ಲವೇ?

ನಿರ್ವಾಹಕಿ: ಒಬ್ಬ ಬಳಕೆದಾರ ಎಂದರೆ ಟರ್ಮಿನಲ್ ಮುಂದೆ ಕುಳಿತ ಒಬ್ಬ ಮನುಷ್ಯ ಎಂದಾಗಿದ್ದ ಕಾಲಕ್ಕೆ ಅದು ಸಾಕಾಗಿತ್ತು. ಇಂದು ಒಂದೇ ಬಳಕೆದಾರ ಸಂಖ್ಯೆಯಡಿ ಪರಸ್ಪರ ಸಂಬಂಧವೇ ಇಲ್ಲದ ಹತ್ತು ಸೇವೆಗಳು ಓಡಬಹುದು, ಅವುಗಳಲ್ಲಿ ಒಂದು ಮಿತಿ ಮುಟ್ಟಿಸಿದರೆ ಉಳಿದ ಒಂಬತ್ತಕ್ಕೂ ಫೋರ್ಕ್ ಸಿಗುವುದಿಲ್ಲ. ಜೊತೆಗೆ ರೂಟ್ ಬಳಕೆದಾರನಿಗೆ ಈ ಮಿತಿ ಅನ್ವಯಿಸುವುದೇ ಇಲ್ಲ. ಮಿತಿ ಎಷ್ಟಿರಬೇಕೆಂಬ ಪ್ರಶ್ನೆಗಿಂತ ಮೊದಲು ಉತ್ತರಿಸಬೇಕಾದದ್ದು, ಖರ್ಚನ್ನು ಯಾರ ಹೆಸರಿಗೆ ಬರೆಯಬೇಕೆಂಬುದಕ್ಕೆ. ಪ್ರೋಸೆಸ್ ಎಂಬ ಘಟಕ ತೀರ ಚಿಕ್ಕದಾಯಿತು, ಬಳಕೆದಾರ ಎಂಬ ಘಟಕ ತೀರ ಒರಟಾಯಿತು.

ಇಲ್ಲಿಂದ ಮುಂದೆ ಮಾತು ಲಿನಕ್ಸ್‌ನ ಕಂಟ್ರೋಲ್ ಗ್ರೂಪ್ ಎಂಬ ವ್ಯವಸ್ಥೆಯತ್ತ ತಿರುಗುತ್ತದೆ. ಸಿಗ್ರೂಪ್ ಎಂಬ ಕಿರುಹೆಸರಿನಿಂದಲೇ ಹೆಚ್ಚು ಪರಿಚಿತವಾದ ಇದರ ಕೆಲಸವನ್ನು 2006ರಲ್ಲಿ ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಆರಂಭಿಸಿದರು; 2008ರ ಜನವರಿಯಲ್ಲಿ ಹೊರಬಂದ 2.6.24ನೆಯ ಕರ್ನಲ್‌ನಲ್ಲಿ ಅದು ಸೇರ್ಪಡೆಯಾಯಿತು. ಗುಂಪುಗುಂಪಾಗಿ ಪ್ರೊಸೆಸರನ್ನು ಹಂಚುವ ಶೆಡ್ಯೂಲರ್ ಭಾಗದಲ್ಲಿ ಬೆಂಗಳೂರಿನ ಐಬಿಎಂ ಪ್ರಯೋಗಾಲಯದ ಶ್ರೀವತ್ಸ ವಡ್ಡಗಿರಿಯವರ ಕೆಲಸವಿದೆ, ಮುಂದಿನ ಆವೃತ್ತಿಯಲ್ಲಿ ಬಂದ ಮೆಮೊರಿ ನಿಯಂತ್ರಕದ ಮೂಲ ಫೈಲಿನ ತಲೆಯಲ್ಲಿ ಐಬಿಎಂನ ಬಲ್ಬೀರ್ ಸಿಂಗ್ ಅವರ ಹೆಸರಿದೆ. ಪ್ರೋಗ್ರಾಮನ್ನು ತನ್ನದೇ ಮಿತಿಗಳೊಳಗೆ ಪ್ರತ್ಯೇಕವಾಗಿ ಓಡಿಸುವ, ಇಂದು ಕಂಟೇನರ್ ಎಂದು ಕರೆಯುವ ವ್ಯವಸ್ಥೆಯ ಅಡಿಪಾಯದಲ್ಲಿ ಬೆಂಗಳೂರಿನಲ್ಲಿ ಕುಳಿತು ಬರೆದ ಸಾಲುಗಳೂ ಇವೆಯೆಂಬುದು ಇಲ್ಲಿನ ತಂತ್ರಾಂಶ ಕ್ಷೇತ್ರದ ಬಗ್ಗೆ ಬರೆಯುವವರು ಅಷ್ಟಾಗಿ ಗಮನಿಸದ ಸಂಗತಿ.

ಪ್ರೋಗ್ರಾಮರ್: ಗುಂಪು ಎಂದರೆ ಇಲ್ಲಿ ಏನು? ಯಾರು ಅದನ್ನು ರಚಿಸುತ್ತಾರೆ?

ನಿರ್ವಾಹಕಿ: ಫೈಲ್ ವ್ಯವಸ್ಥೆಯಲ್ಲಿ ಒಂದು ಫೋಲ್ಡರ್ ಮಾಡುವಂತೆಯೇ ಗುಂಪನ್ನು ಮಾಡಬಹುದು, ಅದರೊಳಗೆ ಉಪಗುಂಪುಗಳನ್ನೂ ಮಾಡಬಹುದು, ಮರದಂತೆ ಕವಲೊಡೆಯುವ ಈ ರಚನೆಯಲ್ಲಿ ಮೇಲಿನ ಗುಂಪಿನ ಮಿತಿಯನ್ನು ಕೆಳಗಿನವು ಎಲ್ಲ ಸೇರಿಯೂ ಮೀರಲಾರವು. ಪ್ರೋಸೆಸ್‌ನ ಸಂಖ್ಯೆಯನ್ನು ಗುಂಪಿನ ಪಟ್ಟಿಯಲ್ಲಿ ಬರೆದರೆ ಅದು ಆ ಗುಂಪಿಗೆ ಸೇರುತ್ತದೆ, ಅದರಿಂದ ಹುಟ್ಟುವ ಮಕ್ಕಳೂ ಮೊಮ್ಮಕ್ಕಳೂ ಅದೇ ಗುಂಪಿನಲ್ಲಿಯೇ ಹುಟ್ಟುತ್ತವೆ, ಅವೆಲ್ಲವುಗಳ ಖರ್ಚು ಒಂದೇ ಖಾತೆಗೆ ಬೀಳುತ್ತದೆ. ತಾಯಿ ಸತ್ತು ಮಗು ಉಳಿದರೂ ಖಾತೆ ಹರಿಯುವುದಿಲ್ಲ. ಮಾರಿಸ್ ವರ್ಮ್‌ನ ಉಪಾಯ ಇಲ್ಲಿ ನಡೆಯದು. ಗುಂಪಿನಲ್ಲಿ ಎಷ್ಟು ಪ್ರೋಸೆಸ್‌ಗಳಿರಬಹುದೆಂಬ ಮಿತಿಯನ್ನು 2015ರ 4.3ನೆಯ ಕರ್ನಲ್‌ನಿಂದ ಪ್ರತ್ಯೇಕವಾಗಿಯೇ ಹಾಕಬಹುದಾದ್ದರಿಂದ, ಫೋರ್ಕ್ ಬಾಂಬ್ ತನ್ನ ಗುಂಪಿನ ಗೋಡೆಗೆ ಬಡಿದು ಅಲ್ಲಿಯೇ ನಿಲ್ಲುತ್ತದೆ.

ಪ್ರೋಗ್ರಾಮರ್: ಅಷ್ಟು ಸೊಗಸಾಗಿದ್ದರೆ ಸಿಗ್ರೂಪ್‌ಗೆ ಎರಡನೆಯ ಆವೃತ್ತಿ ಯಾಕೆ ಬೇಕಾಯಿತು?

ನಿರ್ವಾಹಕಿ: ಮತ್ತೆ ಅದೇ ಪ್ರಶ್ನೆಯಿಂದಾಗಿ: ಲೆಕ್ಕ ಯಾರ ಹೆಸರಿಗೆ? ಮೊದಲ ಆವೃತ್ತಿಯಲ್ಲಿ ಮೆಮೊರಿಗೆ ಒಂದು ಮರ, ಡಿಸ್ಕಿಗೆ ಇನ್ನೊಂದು ಮರ, ಪ್ರೊಸೆಸರಿಗೆ ಮತ್ತೊಂದು ಮರ ಇರಬಹುದಾಗಿತ್ತು, ಒಂದೇ ಪ್ರೋಸೆಸ್ ಒಂದೊಂದು ಮರದಲ್ಲಿ ಬೇರೆಬೇರೆ ಗುಂಪಿನಲ್ಲಿರಬಹುದಾಗಿತ್ತು. ಫೈಲಿಗೆ ಬರೆದದ್ದು ಕೂಡಲೇ ಡಿಸ್ಕಿಗೆ ಹೋಗುವುದಿಲ್ಲ. ಮೆಮೊರಿಯಲ್ಲಿ ನಿಂತಿದ್ದು, ಆಮೇಲೆ ಕರ್ನಲ್‌ನದೇ ಆಳೊಬ್ಬ ಅದನ್ನು ಡಿಸ್ಕಿಗೆ ಸಾಗಿಸುತ್ತಾನೆ. ಆಗ ಡಿಸ್ಕಿನ ಖರ್ಚನ್ನು ಬರೆಸಿದ ಗುಂಪಿನ ಹೆಸರಿಗೆ ಹಾಕಬೇಕೇ, ಸಾಗಿಸಿದ ಆಳಿನ ಹೆಸರಿಗೆ ಹಾಕಬೇಕೇ? ಮರಗಳು ಬೇರೆಬೇರೆಯಾಗಿರುವಾಗ ಪುಟ ಯಾರದೆಂದು ಬಲ್ಲ ಮೆಮೊರಿ ನಿಯಂತ್ರಕಕ್ಕೂ ಡಿಸ್ಕಿನ ನಿಯಂತ್ರಕಕ್ಕೂ ಮಾತುಕತೆಯೇ ಇರಲಿಲ್ಲ, ಆದ್ದರಿಂದ ಹೆಚ್ಚಿನ ಬರಹ ಯಾರ ಮಿತಿಗೂ ಸಿಗದೆ ನುಸುಳಿಹೋಗುತ್ತಿತ್ತು. ಟೆಜುನ್ ಹಿಯೊ ಅವರ ಮುಂದಾಳುತನದಲ್ಲಿ ರೂಪುಗೊಂಡು 2016ರ ಮಾರ್ಚ್‌ನ 4.5ನೆಯ ಕರ್ನಲ್‌ನಲ್ಲಿ ಅಧಿಕೃತವಾದ ಎರಡನೆಯ ಆವೃತ್ತಿ ಎಲ್ಲಕ್ಕೂ ಒಂದೇ ಮರವೆಂದು ವಿಧಿಸಿತು, ಅದರಿಂದ ಆ ಖರ್ಚನ್ನು ಸರಿಯಾದ ಗುಂಪಿಗೆ ಹಚ್ಚುವುದು ಸಾಧ್ಯವಾಯಿತು.

ಪ್ರೋಗ್ರಾಮರ್: ಹಾಗಿದ್ದರೆ ಈಗ ಲೆಕ್ಕ ಪೂರ್ತಿ ನ್ಯಾಯವಾಗಿದೆ ಎನ್ನಬಹುದೇ?

ನಿರ್ವಾಹಕಿ: ಪೂರ್ತಿ ಅಲ್ಲ. ಎರಡು ಗುಂಪುಗಳು ಒಂದೇ ಫೈಲನ್ನು ಓದುತ್ತಿದ್ದರೆ ಅದರ ಪುಟಗಳು ಮೆಮೊರಿಯಲ್ಲಿ ಒಂದೇ ಪ್ರತಿಯಾಗಿ ಇರುತ್ತವೆ, ಅವುಗಳ ಭಾರ ಮೊದಲು ಮುಟ್ಟಿದ ಗುಂಪಿನ ಮೇಲೆ ಬೀಳುತ್ತದೆ, ಎರಡನೆಯದು ಪುಕ್ಕಟೆ ಓದುತ್ತದೆ. ಇಂಥ ಪುಟಗಳೂ ಗುಂಪಿನ ಬಳಕೆಯಲ್ಲಿ ಎಣಿಕೆಯಾಗುವುದರಿಂದ, ಬೇಕಾದಾಗ ಬಿಟ್ಟುಕೊಡಬಹುದಾದ ಕ್ಯಾಶ್ ಕೂಡ ಮೆಮೊರಿ ತುಂಬಿಹೋದಂತೆ ತೋರಿಸಿ ನೋಡುವವರನ್ನು ಸುಮ್ಮನೆ ಹೆದರಿಸುವುದುಂಟು.

ಪ್ರೋಗ್ರಾಮರ್: ಪ್ರೊಸೆಸರಿನ ಮಿತಿಯ ವಿಷಯದಲ್ಲಿ ಒಂದು ಗೊಂದಲವಿದೆ. ‘ನೈಸ್’ ಎಂಬ ಸಂಖ್ಯೆಯನ್ನು ಹೆಚ್ಚಿಸಿ ಓಡಿಸಿದ ಪ್ರೋಗ್ರಾಂ ಕೂಡ ಪ್ರೊಸೆಸರನ್ನು ನೂರಕ್ಕೆ ನೂರು ಬಳಸುತ್ತಿರುವುದು ಕಾಣುತ್ತದೆ.

ನಿರ್ವಾಹಕಿ: ನೈಸ್ ಎಂಬುದು ಮಿತಿಯಲ್ಲ, ಸರದಿಯಲ್ಲಿ ಯಾರಿಗೆ ಎಷ್ಟು ಆದ್ಯತೆ ಎಂಬುದರ ಸೂಚನೆ. ಅದು -20ರಿಂದ 19ರವರೆಗೆ ಇರುತ್ತದೆ. 19ರಲ್ಲಿ ಓಡುವ ಪ್ರೋಗ್ರಾಂ ಬೇರೆಯವರು ಬಂದಾಗ ಪಕ್ಕಕ್ಕೆ ಸರಿಯುತ್ತದೆ, ಯಾರೂ ಇಲ್ಲದಿದ್ದರೆ ಇಡೀ ಪ್ರೊಸೆಸರ್ ಅದರದೇ. ಖಾಲಿ ಬಿದ್ದಿರುವ ಪ್ರೊಸೆಸರನ್ನು ಕೂಡಿಡಲು ಬರುವುದಿಲ್ಲವಾದ್ದರಿಂದ ಇದೇ ಹೆಚ್ಚು ವಿವೇಕದ ಹಂಚಿಕೆ, ಸಿಗ್ರೂಪ್‌ನಲ್ಲಿ ಗುಂಪುಗಳಿಗೆ ತೂಕ ಕೊಡುವ ವಿಧಾನವೂ ಇದೇ ಬಗೆಯದು. ಕಡ್ಡಾಯ ಮಿತಿ ಬೇರೆ ಇದೆ: 100 ಮಿಲಿಸೆಕೆಂಡಿನ ಪ್ರತಿ ಅವಧಿಯಲ್ಲಿ ಗುಂಪಿಗೆ ಇಷ್ಟೇ ಪ್ರೊಸೆಸರ್ ಸಮಯವೆಂದು ನಿಗದಿಪಡಿಸುವುದು. ಅದನ್ನು 50 ಮಿಲಿಸೆಕೆಂಡ್ ಎಂದು ಇಟ್ಟರೆ ಗುಂಪಿಗೆ ಅರ್ಧ ಪ್ರೊಸೆಸರ್ ಸಿಕ್ಕಂತೆ.

ಪ್ರೋಗ್ರಾಮರ್: ಅರ್ಧ ವೇಗದಲ್ಲಿ ಓಡುತ್ತದೆ ಎಂದರ್ಥವೇ?

ನಿರ್ವಾಹಕಿ: ಸರಾಸರಿಯಲ್ಲಿ ಮಾತ್ರ, ಅನುಭವದಲ್ಲಿ ಅಲ್ಲ. ಪ್ರೋಗ್ರಾಮಿನಲ್ಲಿ ಏಕಕಾಲಕ್ಕೆ ಕೆಲಸ ಮಾಡುವ 10 ಥ್ರೆಡ್‌ಗಳಿದ್ದು ಅವು 10 ಪ್ರೊಸೆಸರ್ ಕೋರ್‌ಗಳ ಮೇಲೆ ಒಟ್ಟಿಗೆ ಹೊರಟರೆ, 50 ಮಿಲಿಸೆಕೆಂಡಿನ ಪಾಲು ಗಡಿಯಾರದ 5 ಮಿಲಿಸೆಕೆಂಡಿನಲ್ಲಿ ತೀರಿಹೋಗುತ್ತದೆ, ಉಳಿದ 95 ಮಿಲಿಸೆಕೆಂಡ್ ಇಡೀ ಗುಂಪು ಕೈಕಟ್ಟಿ ನಿಲ್ಲುತ್ತದೆ. ಆ ನಡುವೆ ಬಂದ ಗ್ರಾಹಕನ ಕೋರಿಕೆಗೆ ಉತ್ತರ ತಡವಾಗುತ್ತದೆ. ದಿನದ ಸರಾಸರಿ ಬಳಕೆಯ ನಕ್ಷೆಯನ್ನು ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಾಗಿದ್ದರೂ ಪ್ರೊಸೆಸರಿನಲ್ಲಿ ಒಂದು ಅನುಕೂಲವಿದೆ: ಕಡಿಮೆ ಕೊಟ್ಟರೆ ಕೆಲಸ ನಿಧಾನವಾಗುತ್ತದೆಯೇ ಹೊರತು ಕೆಡುವುದಿಲ್ಲ. ಮೆಮೊರಿಯನ್ನು ಹಾಗೆ ಹಿಗ್ಗಿಸಲು ಕುಗ್ಗಿಸಲು ಬರುವುದಿಲ್ಲ. ಬೇಕಾದ ಪುಟ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಪ್ರೋಗ್ರಾಮರ್: ಆದ್ದರಿಂದಲೇ ಕಂಟೇನರುಗಳು ಸದ್ದಿಲ್ಲದೆ ಸಾಯುತ್ತವೆ. ಯಾವ ದೋಷಸಂದೇಶವೂ ಇಲ್ಲ, ದಾಖಲೆಯಲ್ಲಿ ಉಳಿದಿರುವುದು 137 ಎಂಬ ಒಂದು ಸಂಖ್ಯೆ.

ನಿರ್ವಾಹಕಿ: ಸಿಗ್ನಲಿನಿಂದ ಸತ್ತದ್ದನ್ನು ತಿಳಿಸುವ 128, ಅದಕ್ಕೆ ‘ಸಿಗ್‌ಕಿಲ್’ನ ಸಂಖ್ಯೆಯಾದ 9 ಸೇರಿ 137. ಸಿಗ್ರೂಪ್‌ನ ಎರಡನೆಯ ಆವೃತ್ತಿ ಇಂಥ ಹಠಾತ್ ಸಾವನ್ನು ತಪ್ಪಿಸಲೆಂದೇ ಎರಡು ಗೆರೆಗಳನ್ನು ಕೊಡುತ್ತದೆ. ‘ಮೆಮೊರಿ ಹೈ’ ಎಂಬ ಮೊದಲ ಗೆರೆ ದಾಟಿದರೆ ಕರ್ನಲ್ ಗುಂಪನ್ನು ಕೊಲ್ಲುವುದಿಲ್ಲ, ಅದರ ಪುಟಗಳನ್ನು ಬಲವಾಗಿ ಹಿಂದಕ್ಕೆ ಪಡೆಯುತ್ತ ಅದನ್ನು ನಿಧಾನಗೊಳಿಸುತ್ತದೆ. ‘ಮೆಮೊರಿ ಮ್ಯಾಕ್ಸ್’ ಎಂಬ ಎರಡನೆಯ ಗೆರೆಯಲ್ಲಿ, ಹಿಂದಕ್ಕೆ ಪಡೆಯಲು ಇನ್ನೇನೂ ಉಳಿಯದಿದ್ದರೆ, ಓಓಎಂ ಕಿಲ್ಲರ್ ಬರುತ್ತದೆ, ಆದರೆ ಗುಂಪಿನ ಒಳಗೆ ಮಾತ್ರ. ಪಕ್ಕದ ಡೇಟಾಬೇಸ್‌ಗೆ ಏನೂ ಆಗುವುದಿಲ್ಲ. ನಿರ್ವಾಹಕರಲ್ಲಿ ಹೆಚ್ಚಿನವರು ಎರಡನೆಯ ಗೆರೆಯನ್ನು ಮಾತ್ರ ಎಳೆದು ಮೊದಲನೆಯದನ್ನು ಮರೆತುಬಿಡುತ್ತಾರೆ; ಇದು ಈ ಕಡೆಯ ತಪ್ಪೆಂದು ಒಪ್ಪಲೇಬೇಕು.

ಪ್ರೋಗ್ರಾಮರ್: ಪ್ರೋಗ್ರಾಂ ಬರೆಯುವವರ ಕಡೆಯ ತಪ್ಪು?

ನಿರ್ವಾಹಕಿ: ಮಿತಿ ಇದೆಯೆಂಬುದನ್ನೇ ತಿಳಿಯದೆ ಪ್ರೋಗ್ರಾಂ ಬರೆಯುವುದು. ಜಾವಾವನ್ನೇ ತೆಗೆದುಕೊಳ್ಳಬಹುದು. ಬೇರೆ ಸೂಚನೆ ಇಲ್ಲದಿದ್ದರೆ ಅದು ಯಂತ್ರದ ಮೆಮೊರಿಯ ಕಾಲುಭಾಗದವರೆಗೆ ತನ್ನ ಹೀಪ್, ಅಂದರೆ ವಸ್ತುಗಳನ್ನು ಇಡುವ ಜಾಗ, ಬೆಳೆಯಬಹುದೆಂದು ಲೆಕ್ಕ ಹಾಕುತ್ತದೆ. ಹಳೆಯ ಆವೃತ್ತಿಗಳು ನೋಡುತ್ತಿದ್ದದ್ದು ಇಡೀ ಯಂತ್ರವನ್ನು, ಗುಂಪಿನ ಮಿತಿಯನ್ನಲ್ಲ. 64 ಗಿಗಾಬೈಟಿನ ಸರ್ವರಿನಲ್ಲಿ 2 ಗಿಗಾಬೈಟಿನ ಕಂಟೇನರ್ ಒಳಗೆ ಕುಳಿತ ಜಾವಾ 16 ಗಿಗಾಬೈಟ್ ತನ್ನದೆಂದು ತಿಳಿದು, ಕಸ ಗುಡಿಸುವ ಅಗತ್ಯವೇ ಇಲ್ಲವೆಂದು ನಿರಾಳವಾಗಿ ಬೆಳೆದು 2ರಲ್ಲಿ ಹತವಾಗುತ್ತಿತ್ತು. 2018ರ ಜಾವಾ 10ರಲ್ಲಿ ಇದನ್ನು ಸರಿಪಡಿಸಿ, ಆಮೇಲೆ ಜಾವಾ 8ರ 191ನೆಯ ಪರಿಷ್ಕರಣೆಗೂ ತಂದರು. ಕಂಟೇನರುಗಳು ಎಲ್ಲೆಡೆ ಬಳಕೆಗೆ ಬಂದು ವರ್ಷಗಳೇ ಕಳೆದ ಮೇಲೆ ಆದ ದುರಸ್ತಿ ಇದು.

ಪ್ರೋಗ್ರಾಮರ್: ಭಾಷೆಯೇ ಅರಿಯದ ಮಿತಿಯನ್ನು ಆ ಭಾಷೆಯಲ್ಲಿ ಬರೆಯುವವನು ಅರಿಯಬೇಕೆನ್ನುವುದು ಕಠಿಣವಾಯಿತು. ಆದರೆ ತೆರೆದ ಫೈಲುಗಳ ವಿಷಯದಲ್ಲಿ ಆ ನೆಪ ನಿಲ್ಲುವುದಿಲ್ಲ ಎಂಬುದನ್ನು ಒಪ್ಪಬೇಕು. ಅಲ್ಲಿ ಕರ್ನಲ್ ಸ್ಪಷ್ಟವಾಗಿಯೇ ‘ಇಲ್ಲ’ ಎನ್ನುತ್ತದೆ.

ನಿರ್ವಾಹಕಿ: ಆ ‘ಇಲ್ಲ’ವನ್ನು ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೆ ಅದೇ ಒಳ್ಳೆಯ ಉದಾಹರಣೆ. ಯುನಿಕ್ಸ್‌ನಲ್ಲಿ ಜಾಲದ ಸಂಪರ್ಕವೂ ತೆರೆದ ಫೈಲೆಂದೇ ಎಣಿಕೆಯಾಗುತ್ತದೆ, ಲಿನಕ್ಸ್‌ನಲ್ಲಿ ಅದರ ಸಾಫ್ಟ್ ಲಿಮಿಟ್ ಸಾಮಾನ್ಯವಾಗಿ 1024. ಆ ಸಂಖ್ಯೆ ಇಂದಿಗೂ ಅಷ್ಟರಲ್ಲೇ ಉಳಿದಿರುವುದಕ್ಕೆ ಕಾರಣ, ಯಾವ ಸಂಪರ್ಕದಲ್ಲಿ ಮಾತು ಬಂದಿದೆಯೆಂದು ಕೇಳುವ ‘ಸೆಲೆಕ್ಟ್’ ಎಂಬ ಹಳೆಯ ವಿಧಾನ 1023ನ್ನು ಮೀರಿದ ಫೈಲುಸಂಖ್ಯೆಗಳನ್ನು ತಾಳಲಾರದು ಎಂಬುದು. ಆದ್ದರಿಂದ ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಂಡಿಯ 240ನೆಯ ಆವೃತ್ತಿ 2018ರಲ್ಲಿ ಹಾರ್ಡ್ ಲಿಮಿಟನ್ನು 524288ಕ್ಕೆ ಏರಿಸಿದರೂ ಸಾಫ್ಟ್ ಲಿಮಿಟನ್ನು ಮುಟ್ಟಲಿಲ್ಲ: ಹೆಚ್ಚು ಬೇಕಾದ ಪ್ರೋಗ್ರಾಂ, ಹಳೆಯ ವಿಧಾನ ಬಳಸುತ್ತಿಲ್ಲವೆಂದು ಖಚಿತಪಡಿಸಿಕೊಂಡು, ತಾನೇ ಏರಿಸಿಕೊಳ್ಳಲಿ ಎಂಬುದು ಅದರ ಇಂಗಿತ. ಈಗ 1024 ಮುಟ್ಟಿದ ಸರ್ವರಿಗೆ ಹೊಸ ಗ್ರಾಹಕ ಬಂದನೆನ್ನೋಣ. ಸಂಪರ್ಕವನ್ನು ಸ್ವೀಕರಿಸಲು ಹೋದರೆ ಕರ್ನಲ್ ನಿರಾಕರಿಸುತ್ತದೆ, ಆದರೆ ಸಂಪರ್ಕ ಸರದಿಯಲ್ಲಿಯೇ ಉಳಿದಿರುತ್ತದೆ. ಪ್ರೋಗ್ರಾಂ ದೋಷಸಂಖ್ಯೆಯನ್ನು ಲೆಕ್ಕಿಸದೆ ಹಿಂದಕ್ಕೆ ಹೋಗಿ ‘ಯಾರಾದರೂ ಕಾದಿದ್ದಾರೆಯೇ’ ಎಂದು ಕೇಳುತ್ತದೆ, ಕಾದಿದ್ದಾರೆಂಬ ಉತ್ತರ ತಕ್ಷಣ ಬರುತ್ತದೆ, ಮತ್ತೆ ಸ್ವೀಕರಿಸಲು ಹೋಗಿ ಮತ್ತೆ ಸೋಲುತ್ತದೆ. ಹೀಗೆ ಒಂದು ಕ್ಷಣವೂ ನಿಲ್ಲದೆ ಸುತ್ತುತ್ತ ಇಡೀ ಪ್ರೊಸೆಸರ್ ಕೋರನ್ನು ತಿಂದುಹಾಕುತ್ತದೆ. ಫೈಲಿನ ಮಿತಿ ಪ್ರೊಸೆಸರಿನ ದುಂದಾಗಿ ಮಾರ್ಪಟ್ಟಿತು.

ಪ್ರೋಗ್ರಾಮರ್: ಅದಕ್ಕೊಂದು ಹಳೆಯ ಉಪಾಯವಿದೆ. ಆರಂಭದಲ್ಲಿಯೇ ಯಾವುದಾದರೂ ಒಂದು ಫೈಲನ್ನು ಸುಮ್ಮನೆ ತೆರೆದಿಟ್ಟುಕೊಂಡಿದ್ದು, ಮಿತಿ ಮುಟ್ಟಿದಾಗ ಅದನ್ನು ಮುಚ್ಚಿ, ತೆರವಾದ ಆ ಒಂದು ಸ್ಥಾನದಲ್ಲಿ ಸಂಪರ್ಕವನ್ನು ಸ್ವೀಕರಿಸಿ ಕೂಡಲೇ ಮುಗಿಸಿ, ಮತ್ತೆ ಆ ಫೈಲನ್ನು ತೆರೆದಿಡುವುದು. ಕಾದಿದ್ದ ಗ್ರಾಹಕನಿಗೆ ಬಾಗಿಲು ಮುಚ್ಚಿದೆಯೆಂದು ಕನಿಷ್ಠ ತಿಳಿಯುತ್ತದೆ.

ನಿರ್ವಾಹಕಿ: ನಿಮಗೆ ಅದು ಗೊತ್ತಿದೆಯೆಂದರೆ ಮಿತಿಗೆ ಬಡಿದ ಪ್ರೋಗ್ರಾಮನ್ನು ನೋಡಿದ್ದೀರಿ ಎಂದಾಯಿತು.

ಪ್ರೋಗ್ರಾಮರ್: ನೋಡದೆ ಉಪಾಯವಿಲ್ಲ. ಕೊನೆಯದಾಗಿ ಒಂದು ಸಂದೇಹ, ಸಂಖ್ಯೆ ಎಷ್ಟೆಂದು ಇಡುವುದು ಹೇಗೆ? ಇಲ್ಲಿಯವರೆಗೆ ಯಾರ ಲೆಕ್ಕ ಎಂಬುದು ಇತ್ಯರ್ಥವಾಯಿತು, ಎಷ್ಟು ಎಂಬುದು ಹಾಗೆಯೇ ಉಳಿಯಿತು.

ನಿರ್ವಾಹಕಿ: ಮೊದಲು ಮಿತಿ ಹಾಕದೆ ಗುಂಪಿನಲ್ಲಿಟ್ಟು ಓಡಿಸಿ, ಗುಂಪು ತಾನೇ ಬರೆದಿಡುವ ಬಳಕೆಯ ಗರಿಷ್ಠವನ್ನು ಓದುವುದು, ಭಾರ ಹೆಚ್ಚಿರುವ ದಿನದ ಗರಿಷ್ಠಕ್ಕಿಂತ ತುಸು ಮೇಲೆ ಮೊದಲ ಗೆರೆಯನ್ನೂ ಇನ್ನೂ ಮೇಲೆ ಎರಡನೆಯ ಗೆರೆಯನ್ನೂ ಇಡುವುದು. 2018ರ 4.20ನೆಯ ಕರ್ನಲ್‌ನಿಂದ, ಸಂಪನ್ಮೂಲಕ್ಕಾಗಿ ಕಾಯುವುದರಲ್ಲಿ ಎಷ್ಟು ಕಾಲ ಕಳೆಯುತ್ತಿದೆಯೆಂಬ ಒತ್ತಡದ ಅಳತೆಯೂ ಸಿಗುತ್ತದೆ; ಎಷ್ಟು ಬಳಕೆಯಾಯಿತೆಂಬುದಕ್ಕಿಂತ ಎಷ್ಟು ಕಾಯಬೇಕಾಯಿತೆಂಬುದೇ ಹೆಚ್ಚು ಸತ್ಯ ಹೇಳುತ್ತದೆ. ಆಮೇಲೆ ಬೇಕೆಂದೇ ಮಿತಿಯನ್ನು ಇಳಿಸಿ, ಪ್ರೋಗ್ರಾಂ ನಿರಾಕರಣೆಯನ್ನು ಹೇಗೆ ಎದುರಿಸುತ್ತದೆಂದು ಬಿಡುಗಡೆಗೆ ಮೊದಲೇ ನೋಡಬೇಕು. ಆ ಪರೀಕ್ಷೆ ಮಾಡಬೇಕಾದವರು ನಿರ್ವಾಹಕರಲ್ಲ, ಪ್ರೋಗ್ರಾಂ ಬರೆದವರು.

ಪ್ರೋಗ್ರಾಮರ್: ಅದನ್ನು ಮಾಡದೆ ಬಿಟ್ಟರೂ ಕರ್ನಲ್ ಹೊಸ ಗುಂಪಿಗೆ ತಾನಾಗಿ ಏನಾದರೊಂದು ಸಮಂಜಸ ಮಿತಿಯನ್ನು ಇಟ್ಟಿರುತ್ತದೆಯಲ್ಲವೇ?

ನಿರ್ವಾಹಕಿ: ಇಲ್ಲ. ಹೊಸದಾಗಿ ಮಾಡಿದ ಗುಂಪಿನಲ್ಲಿ ಮೆಮೊರಿಯ ಎರಡೂ ಗೆರೆಗಳಲ್ಲಿ, ಪ್ರೊಸೆಸರಿನ ಪಾಲಿನಲ್ಲಿ, ಪ್ರೋಸೆಸ್‌ಗಳ ಸಂಖ್ಯೆಯಲ್ಲಿ ಕರ್ನಲ್ ಬರೆದಿಟ್ಟಿರುವುದು ‘ಮ್ಯಾಕ್ಸ್’ ಎಂಬ ಒಂದೇ ಪದ. ಅದನ್ನು ಅಳಿಸಿ ಯಾರಾದರೂ ಒಂದು ಸಂಖ್ಯೆಯನ್ನು ಬರೆಯುವವರೆಗೆ ಆ ಗುಂಪಿಗೆ ತನ್ನದೆನ್ನುವ ಯಾವ ಮಿತಿಯೂ ಇರುವುದಿಲ್ಲ.